ಕನ್ನಡ ಪಿರಿಯಡ್ಡಿನಲ್ಲಿ ಸಿಗಬೇಕಿದ್ದ ಸಂಖ್ಯೆಗಳು

ಅಕ್ಕನ ಮಗಳು ಈಗ ಒಂಬತ್ತನೇ ಕ್ಲಾಸು. ಮೊನ್ನೆ ಅವರ ಮನೆಗೆ ಹೋದಾಗ ಗಣಿತದ ಪ್ರಾಜೆಕ್ಟ್ ಅಂತ ದೊಡ್ಡ ಚಾರ್ಟ್ ಶೀಟಿನ ತುಂಬಾ ಮೊಲ ಬರೆದುಕೊಂಡು ಕೂತಿದ್ದಳು. ಮೊದಲು ಒಂದು ಜೋಡಿ ಮೊಲ, ಆಮೇಲೆ ಎರಡು ಜೋಡಿ, ಮೂರು, ಐದು, ಎಂಟು. ಮೂಲೆಯಲ್ಲಿ ಒಂದು ಸೂರ್ಯಕಾಂತಿ ಹೂವು. ಮೇಲೆ ದಪ್ಪ ಅಕ್ಷರದಲ್ಲಿ 'ಫಿಬೊನಾಚಿ ಸರಣಿ' ಎಂಬ ತಲೆಬರಹ. ಪಕ್ಕದಲ್ಲೇ ಕನ್ನಡ ನೋಟ್ಸ್ ತೆರೆದಿತ್ತು. ಮಾರನೇ ದಿನ ಕನ್ನಡ ಟೆಸ್ಟ್ ಅಂತೆ. 'ಈ ಸಾಲುಗಳಿಗೆ ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸನ್ನು ಹೆಸರಿಸಿ.' ನಾವೆಲ್ಲ ಬರೆದು ಬಂದ ಪ್ರಶ್ನೆಯೇ. "ಮಾಮ, ಇವೆರಡೂ ಮುಗಿಸಿ ಮಲಗ್ಬೇಕು. ಮೊಲಕ್ಕೆ ಬಣ್ಣ ನೀನು ಹಚ್ಚಿಕೊಡ್ತೀಯಾ?" ಅಂದಳು. ಬಣ್ಣ ಹಚ್ಚುತ್ತಾ ಕೂತೆ. ಒಂದು ಕಡೆ ಮೊಲ, ಇನ್ನೊಂದು ಕಡೆ ಪದ್ಯದ ಗಿಡ್ಡ ಉದ್ದ ಅಕ್ಷರಗಳಾದ ಲಘು ಗುರು. ಎರಡೂ ಒಂದೇ ಪಾಠ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ನನಗೂ ಆ ವಯಸ್ಸಿನಲ್ಲಿ ಯಾರೂ ಹೇಳಿರಲಿಲ್ಲ.

ಈ ಸಂಖ್ಯೆಗಳ ಬಗ್ಗೆ ಎರಡು ಬಗೆಯ ಮಾತು ಕೇಳಿ ಕೇಳಿ ನನಗೆ ಬೇಸರವಾಗಿದೆ. ಒಂದು, ಮೊಲ ಮತ್ತು ಸೂರ್ಯಕಾಂತಿಯ ಮಾತು. ಇನ್ನೊಂದು, ವಾಟ್ಸಾಪಿನಲ್ಲಿ ಓಡಾಡುವ 'ಇದು ನಮ್ಮದು, ಇಟಲಿಯವನು ಕದ್ದ' ಎಂಬ ಮಾತು. ಎರಡನ್ನು ಕೇಳಿದರೂ ಈ ಸಂಖ್ಯೆಗಳು ಯಾಕೆ ಹುಟ್ಟಿದವು ಅನ್ನುವುದು ಗೊತ್ತಾಗುವುದಿಲ್ಲ. ಅವು ಹುಟ್ಟಿದ್ದು ಪದ್ಯವನ್ನು ಕಿವಿಗೊಟ್ಟು ಕೇಳಿದವರ ಕೈಯಲ್ಲಿ. ಕೇಳಿದ್ದನ್ನು ಒಂದೂ ಬಿಡದೆ ಎಣಿಸಬೇಕು ಎಂದು ಹಟ ಹಿಡಿದವರ ಕೈಯಲ್ಲಿ. ಅದಕ್ಕೇ ಇದು ಕನ್ನಡ ಪಿರಿಯಡ್ಡಿನಲ್ಲೂ ಸಿಗಬೇಕಿದ್ದ ವಿಷಯ ಅಂತ ನನಗೆ ಬಲವಾಗಿ ಅನಿಸುತ್ತದೆ.

ಪೀಸಾದ ಲಿಯೊನಾರ್ಡೊ

ಮೊದಲು ಮೊಲದ ಕತೆ ಮುಗಿಸಿಬಿಡೋಣ. ಇಟಲಿಯ ಪೀಸಾ ಊರಿನ ಲಿಯೊನಾರ್ಡೊ, ಅಂದರೆ ನಾವು ಫಿಬೊನಾಚಿ ಅನ್ನುವವನೇ, 1202ರಲ್ಲಿ 'ಲಿಬರ್ ಅಬಾಚಿ' ಎಂಬ ದೊಡ್ಡ ಲೆಕ್ಕದ ಪುಸ್ತಕ ಬರೆದ. ಅವನ ಅಪ್ಪ ಉತ್ತರ ಆಫ್ರಿಕಾದ ಬುಗಿಯಾ ಬಂದರಿನಲ್ಲಿ ಪೀಸಾದ ವ್ಯಾಪಾರಿಗಳ ಪರವಾಗಿ ಕೆಲಸಕ್ಕಿದ್ದ. ಈಗ ಆ ಊರು ಅಲ್ಜೀರಿಯಾದಲ್ಲಿದೆ. ಹುಡುಗ ಅಲ್ಲೇ ಭಾರತೀಯರ ಅಂಕಿಗಳನ್ನು ಕಲಿತ. ಆಮೇಲೆ ಈಜಿಪ್ಟ್, ಸಿರಿಯಾ, ಗ್ರೀಸ್, ಸಿಸಿಲಿ ಅಂತ ಸುತ್ತಾಡಿ ಇನ್ನಷ್ಟು ಕಲಿತ. ಪುಸ್ತಕದ ಮೊದಲ ಅಧ್ಯಾಯದಲ್ಲೇ 'ಭಾರತೀಯರ ಒಂಬತ್ತು ಅಂಕಿಗಳು ಇವು' ಎಂದು ನೇರವಾಗಿ ಹೇಳುತ್ತಾನೆ. ಈ ಒಂಬತ್ತು ಮತ್ತು ಸೊನ್ನೆ ಇದ್ದರೆ ಯಾವ ಸಂಖ್ಯೆಯನ್ನಾದರೂ ಬರೆಯಬಹುದು ಎಂದು ಯುರೋಪಿನ ವ್ಯಾಪಾರಿಗಳಿಗೆ ತಿಳಿಸಿಕೊಡುವುದೇ ಅವನ ಉದ್ದೇಶ. ಯಾರದ್ದು ಎಂದು ಬಾಯಿಬಿಟ್ಟು ಹೇಳಿದವನನ್ನು ಕಳ್ಳ ಅನ್ನುವುದು ಅನ್ಯಾಯ.

ಮೊಲದ ಲೆಕ್ಕ ಆ ಪುಸ್ತಕದ ನೂರಾರು ಲೆಕ್ಕಗಳಲ್ಲಿ ಒಂದು, ಅಷ್ಟೇ. ಒಂದು ಜೋಡಿ ಮೊಲ ತಿಂಗಳಿಗೊಂದು ಜೋಡಿ ಮರಿ ಹಾಕುತ್ತದೆ. ಮರಿಗಳು ಎರಡನೇ ತಿಂಗಳಿಂದ ಮರಿ ಹಾಕತೊಡಗುತ್ತವೆ. ವರ್ಷದ ಕೊನೆಗೆ ಎಷ್ಟು ಜೋಡಿ? ಉತ್ತರ 377. ಪ್ರತಿ ತಿಂಗಳ ಸಂಖ್ಯೆ ಹಿಂದಿನ ಎರಡು ತಿಂಗಳ ಮೊತ್ತ ಎಂದು ತೋರಿಸಿ ಅವನು ಮುಂದಿನ ಲೆಕ್ಕಕ್ಕೆ ಹೋಗುತ್ತಾನೆ. ಸರಣಿಗೆ ಫಿಬೊನಾಚಿ ಎಂಬ ಹೆಸರು ಅಂಟಿದ್ದು 19ನೇ ಶತಮಾನದಲ್ಲಿ, ಫ್ರಾನ್ಸಿನ ಗಣಿತಜ್ಞ ಎಡ್ವರ್ಡ್ ಲೂಕಾಸ್ ಅವರಿಂದ. ಮೊಲದ ಲೆಕ್ಕ ಭಾರತದಿಂದ ಅಲ್ಲಿಗೆ ಹೋಯಿತು ಎನ್ನುವುದಕ್ಕೆ ಯಾವ ಆಧಾರವೂ ಸಿಕ್ಕಿಲ್ಲ. ಅವನಿಗೆ ಅದು ಸ್ವಂತವಾಗಿಯೇ ಹೊಳೆದಿರಬಹುದು. ಅದರಲ್ಲಿ ನಮಗೇನೂ ನಷ್ಟವಿಲ್ಲ.

ಮೊಲದ ಲೆಕ್ಕದಲ್ಲಿ ನನಗೆ ಕೊರತೆ ಅನಿಸುವುದು ಬೇರೆ. ಸಾಯದ ಮೊಲ, ಪ್ರತಿ ಸಲವೂ ತಪ್ಪದೆ ಒಂದು ಗಂಡು ಒಂದು ಹೆಣ್ಣು. ಅಂಥ ಮೊಲ ಎಲ್ಲೂ ಇಲ್ಲ. ಸಂಖ್ಯೆಗಳು ಬರಲಿ ಅಂತಲೇ ಮೊಲವನ್ನು ಹಾಗೆ ಮಾಡಬೇಕಾಯಿತು. ಪದ್ಯದಲ್ಲಿ ಹಾಗಿಲ್ಲ. ಅಲ್ಲಿ ಈ ಸಂಖ್ಯೆಗಳು ಇದ್ದೇ ಇವೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಹೊತ್ತನ್ನು ಎಣಿಸುವುದು

ಹೈಸ್ಕೂಲಿನಲ್ಲಿ ನಮಗೆ ಕನ್ನಡ ಹೇಳಿಕೊಟ್ಟ ಮೇಷ್ಟ್ರು ಛಂದಸ್ಸಿನ ಪಾಠವನ್ನು ಬೋರ್ಡಿನಿಂದ ಶುರು ಮಾಡುತ್ತಿರಲಿಲ್ಲ. ಮೊದಲು ಪದ್ಯ ಹಾಡುತ್ತಿದ್ದರು. ಬಲಗೈ ಬೆರಳಿನಿಂದ ಮೇಜಿನ ಅಂಚಿಗೆ ತಟ್ಟುತ್ತಾ, ಕಣ್ಣು ಮುಚ್ಚಿಕೊಂಡು. ಎರಡು ಮೂರು ಸಲ ಹಾಡಿ ನಮ್ಮಿಂದಲೂ ಹಾಡಿಸಿ, ನಾವೆಲ್ಲ ಡೆಸ್ಕ್ ತಟ್ಟಿ ಗದ್ದಲ ಎಬ್ಬಿಸಿದ ಮೇಲೆ ಸೀಮೆಸುಣ್ಣ ಕೈಗೆ ತೆಗೆದುಕೊಳ್ಳುತ್ತಿದ್ದರು. ಅಕ್ಷರ ಎಣಿಸಿ ತಪ್ಪು ಗಣ ಹಾಕಿದ ಹುಡುಗರಿಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ಅಕ್ಷರ ಎಣಿಸಬೇಡ್ರೋ, ಹೊತ್ತು ಎಣಿಸ್ರೋ. ಕಣ್ಣಲ್ಲಿ ಓದಿದ್ರೆ ಗಣ ಸಿಗಲ್ಲ, ಕಿವೀಲಿ ಓದಿ." ಲಘುವಿಗೆ ಒಂದು ತಟ್ಟು, ಗುರುವಿಗೆ ಎರಡು. ಒಂದು ತಟ್ಟಿನ ಹೊತ್ತು ಅಂದರೆ ಒಂದು ಮಾತ್ರೆ. ಪಾಠ ಇಷ್ಟೇ. ಆ ಮೇಜಿನ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಈಗ ಒಂದು ಪ್ರಶ್ನೆ. ನಾಲ್ಕು ಮಾತ್ರೆ ಹೊತ್ತು ಇದೆ. ಅದನ್ನು ಲಘು ಗುರುಗಳಿಂದ ಎಷ್ಟು ಬಗೆಯಲ್ಲಿ ತುಂಬಬಹುದು? ನಮ್ಮ ನಡುವಿನ ಹೆಸರುಗಳನ್ನೇ ತೆಗೆದುಕೊಳ್ಳಿ. ಲಘುವಿಗೆ ಲ, ಗುರುವಿಗೆ ಗ ಅಂತ ಬರೆಯೋಣ. ಗಣಪತಿ ಅಂದರೆ ಲಲಲಲ. ಶಂಕರ ಅಂದರೆ ಗಲಲ. ಗಣೇಶ ಅಂದರೆ ಲಗಲ. ಕಮಲಾ ಅಂದರೆ ಲಲಗ. ರಾಧಾ ಅಂದರೆ ಗಗ. ಅಷ್ಟೇ, ಐದು. ಆರನೆಯದನ್ನು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಮೂರು ಮಾತ್ರೆಗೆ ಭರತ, ರಾಮ, ರಮಾ, ಹೀಗೆ ಮೂರು. ಎರಡು ಮಾತ್ರೆಗೆ ಹರಿ ಮತ್ತು ಶ್ರೀ, ಎರಡೇ.

ಈಗ ಆ ಐದು ಹೆಸರುಗಳ ಕೊನೆಯ ಅಕ್ಷರವನ್ನು ಬೆರಳಿನಿಂದ ಮುಚ್ಚಿ ನೋಡಿ. ಗಣಪತಿ, ಶಂಕರ, ಗಣೇಶ ಮೂರೂ ಲಘುವಿನಲ್ಲಿ ಮುಗಿಯುತ್ತವೆ. ಅದನ್ನು ಮುಚ್ಚಿದರೆ ಗಣಪ, ಶಂಕ, ಗಣೇ ಉಳಿಯುತ್ತವೆ. ಅಂದರೆ ಲಲಲ, ಗಲ, ಲಗ. ಅವು ಭರತ, ರಾಮ, ರಮಾ ಅಲ್ವಾ? ಮೂರು ಮಾತ್ರೆಯ ಮೂರೂ ರೂಪಗಳು ಬಂದುಬಿಟ್ಟವು. ಕಮಲಾ, ರಾಧಾ ಎರಡೂ ಗುರುವಿನಲ್ಲಿ ಮುಗಿಯುತ್ತವೆ. ಅದನ್ನು ಮುಚ್ಚಿದರೆ ಕಮ, ರಾ. ಎರಡು ಮಾತ್ರೆಯ ಎರಡೂ ರೂಪಗಳು. ಮೂರು, ಎರಡು ಸೇರಿ ಐದು. ಯಾವ ಸಾಲೂ ಒಂದೋ ಲಘುವಿನಲ್ಲಿ ಮುಗಿಯಬೇಕು, ಇಲ್ಲ ಗುರುವಿನಲ್ಲಿ ಮುಗಿಯಬೇಕು. ಮೂರನೇ ದಾರಿಯಿಲ್ಲ. ಲಘು ತೆಗೆದರೆ ಒಂದು ಮಾತ್ರೆ ಕಡಿಮೆ, ಗುರು ತೆಗೆದರೆ ಎರಡು ಮಾತ್ರೆ ಕಡಿಮೆ. ಹಾಗಾಗಿ ಐದು ಮಾತ್ರೆಗೆ ಐದು ಮತ್ತು ಮೂರು ಸೇರಿ ಎಂಟು: ಗಣಪತಿಯ, ಶಂಕರನ, ಗಣೇಶನ, ಕಮಲೇಶ, ರಾಧೇಯ, ಭರತನೇ, ರಾಮನೇ, ರಮೇಶಾ. ಆರಕ್ಕೆ 13. ಏಳಕ್ಕೆ 21. ಹೀಗೆ ಹೋಗುತ್ತಲೇ ಇರುತ್ತದೆ.

ಇದನ್ನು ನಿಯಮವಾಗಿ ಹೇಳಿದವರಲ್ಲಿ ನಮಗೆ ಸಿಗುವ ಹಳಬ ವಿರಹಾಂಕ. 'ವೃತ್ತಜಾತಿಸಮುಚ್ಚಯ' ಎಂಬ ಅವನ ಛಂದೋಗ್ರಂಥ ಪ್ರಾಕೃತದಲ್ಲಿದೆ. ಕಾಲ ಸುಮಾರು 600ರಿಂದ 800ರ ನಡುವೆ. ಹಿಂದಿನ ಎರಡು ಮಾತ್ರಾವೃತ್ತಗಳ ಭೇದಗಳನ್ನು ಸೇರಿಸಿದರೆ ಮುಂದಿನದರ ಸಂಖ್ಯೆ ಸಿಗುತ್ತದೆ ಎನ್ನುವುದು ಅವನು ಹೇಳುವ ಮಾತಿನ ತಿರುಳು. ಗೋಪಾಲ ಎಂಬವನು ಅದಕ್ಕೆ ವ್ಯಾಖ್ಯಾನ ಬರೆದು 3, 5, 8, 13, 21 ಎಂದು ಸಂಖ್ಯೆಗಳನ್ನೇ ಹಾಕಿ ತೋರಿಸಿದ. ಸುಮಾರು 1150ರ ಹೊತ್ತಿಗೆ ಗುಜರಾತಿನ ಪಾಟಣದಲ್ಲಿ ಜೈನ ಆಚಾರ್ಯ ಹೇಮಚಂದ್ರ ತನ್ನ 'ಛಂದೋನುಶಾಸನ'ದಲ್ಲಿ ಅದನ್ನೇ ಇನ್ನೂ ಬಿಡಿಸಿ ಹೇಳಿದ. ಪೀಸಾದ ಪುಸ್ತಕಕ್ಕಿಂತ ಅರ್ಧ ಶತಮಾನ ಮೊದಲು. ಈ ಚರಿತ್ರೆಯನ್ನು ಒಂದೆಡೆ ಜೋಡಿಸಿ 1985ರಲ್ಲಿ ಪರಮಾನಂದ ಸಿಂಗ್ ಅವರು ಬರೆದ ಲೇಖನವೇ ಇವತ್ತಿಗೂ ಎಲ್ಲರಿಗೂ ಆಧಾರ. ತಬಲಾ ಕಲಿತ ಗಣಿತಜ್ಞ ಮಂಜುಲ್ ಭಾರ್ಗವ ಇವನ್ನು ಹೇಮಚಂದ್ರ ಸಂಖ್ಯೆಗಳು ಅಂತಲೇ ಕರೆಯುತ್ತಾರೆ. (ಹೆಸರು ಯಾರದ್ದಾದರೂ ಇರಲಿ. ವಿರಹಾಂಕನ ಹೆಸರು ಶಾಲಾ ಮಕ್ಕಳ ಕಿವಿಗೆ ಒಮ್ಮೆಯಾದರೂ ಬೀಳಲಿ ಎಂಬುದಷ್ಟೇ ನನ್ನ ಆಸೆ.)

ಪಿಂಗಳನಿಗೆ ಯಾಕಲ್ಲ

ಛಂದಸ್ಸು ಅಂದ ಕೂಡಲೇ ಸಂಸ್ಕೃತ ಛಂದಸ್ಸಿನ ಹಳೆಯ ಶಾಸ್ತ್ರಕಾರ ಪಿಂಗಳನ ಹೆಸರು ಬರುತ್ತದೆ. ಈ ಸಂಖ್ಯೆಗಳನ್ನೂ ಅವನ ಖಾತೆಗೇ ಹಾಕುವವರಿದ್ದಾರೆ. ಆದರೆ ಪಿಂಗಳನ ಸ್ಪಷ್ಟವಾದ ಎಣಿಕೆ ಇರುವುದು ಅಕ್ಷರಗಳ ಮೇಲೆ. ವೃತ್ತದಲ್ಲಿ ಒಂದು ಪಾದಕ್ಕೆ ಇಷ್ಟೇ ಅಕ್ಷರ ಎಂದು ಮೊದಲೇ ಗೊತ್ತಿರುತ್ತದೆ. ಪ್ರತಿ ಅಕ್ಷರ ಲಘುವೋ ಗುರುವೋ ಆಗಬಹುದು. ಹಾಗಾಗಿ ಅಲ್ಲಿ ಸಂಖ್ಯೆ ದುಪ್ಪಟ್ಟಾಗುತ್ತಾ ಹೋಗುತ್ತದೆ: 2, 4, 8, 16. ಮೂರಕ್ಷರಕ್ಕೆ ಎಂಟು. ಯಮಾತಾರಾಜಭಾನಸಲಗಂ ಅಂತ ನಾವು ಬಾಯಿಪಾಠ ಮಾಡಿದ ಎಂಟು ಗಣಗಳು ಅವೇ. ಅದೂ ದೊಡ್ಡ ಸಾಧನೆಯೇ. ಆದರೆ ಅದು ಬೇರೆ ಸಾಧನೆ.

ಕೂಡಿಸುತ್ತಾ ಹೋಗುವ ಲೆಕ್ಕ ಬೇಕಾದದ್ದು ಅಕ್ಷರ ಬಿಟ್ಟು ಹೊತ್ತನ್ನು ಎಣಿಸತೊಡಗಿದಾಗ. ಪ್ರಾಕೃತದ ಗಾಹೆ ಎಂಬ ಪದ್ಯಗಳು ನಡೆಯುವುದು ಮಾತ್ರೆಯ ಮೇಲೆ. ಒಂದು ಗುರು ಇದ್ದ ಕಡೆ ಎರಡು ಲಘು ಬಂದು ಕೂರಬಹುದು, ಸಾಲಿನ ಅಳತೆ ಕೆಡುವುದಿಲ್ಲ, ಅಕ್ಷರ ಮಾತ್ರ ಒಂದು ಜಾಸ್ತಿಯಾಗುತ್ತದೆ. ವಿರಹಾಂಕನ ಗ್ರಂಥ ಪ್ರಾಕೃತದಲ್ಲಿ ಇರುವುದು ಆಕಸ್ಮಿಕ ಅಂತ ನನಗೆ ಅನಿಸುವುದಿಲ್ಲ. ಹಾಡಿನ ಅಳತೆ ಬದಲಾಯಿತು, ಅದರ ಜೊತೆಗೆ ಗಣಿತವೂ ಬದಲಾಯಿತು.

ಛಂದಸ್ಸಿನವರಿಗೆ ಈ ಎಣಿಕೆ ಯಾಕೆ ಬೇಕಿತ್ತು? ಪ್ರಸ್ತಾರ ಅಂದರೆ ನಮಗೆ ಈಗ ಒಂದು ಸಾಲಿಗೆ ಲಘು ಗುರು ಗುರುತು ಹಾಕುವುದು. ಅವರಿಗೆ ಅದು ಒಂದು ಅಳತೆಯಲ್ಲಿ ಸಾಧ್ಯವಿರುವ ಎಲ್ಲ ರೂಪಗಳನ್ನೂ ಕ್ರಮವಾಗಿ ಬರೆದಿಡುವುದು. ಬರೆದ ಮೇಲೆ ಒಂದೂ ಬಿಟ್ಟಿಲ್ಲ ಎಂದು ಖಾತ್ರಿಯಾಗಬೇಕು. ಪಟ್ಟಿಯ ಇಷ್ಟನೇ ರೂಪ ಯಾವುದು ಎಂದರೆ ಪಟ್ಟಿ ನೋಡದೆ ಹೇಳಬೇಕು, ಅದು ನಷ್ಟ. ರೂಪ ಕೊಟ್ಟರೆ ಅದು ಎಷ್ಟನೆಯದು ಎಂದು ಹೇಳಬೇಕು, ಅದು ಉದ್ದಿಷ್ಟ. ಇಂತಿಷ್ಟು ಗುರು ಇರುವ ರೂಪಗಳೆಷ್ಟು ಎಂದೂ ಹೇಳಬೇಕು. ಇಡೀ ಪ್ರಸ್ತಾರ ಬರೆಯಲು ಎಷ್ಟು ಜಾಗ ಬೇಕು ಎಂಬುದಕ್ಕೂ ಒಂದು ಲೆಕ್ಕವಿದೆ. ಇಂಥವು ಒಟ್ಟು ಆರು, ಷಟ್‌ಪ್ರತ್ಯಯಗಳು. ಜಾಗದ ಲೆಕ್ಕ ಓದಿದಾಗ ನನಗೆ ತುಂಬಾ ಖುಷಿಯಾಯಿತು. ಕೂತು ಬರೆಯುವವರಿಗೆ ಮಾತ್ರ ಬರುವ ಪ್ರಶ್ನೆ ಅದು.

ಇಂತಿಷ್ಟು ಗುರುಗಳ ಲೆಕ್ಕದಿಂದಲೇ 10ನೇ ಶತಮಾನದ ಹಲಾಯುಧ ಮೇರು ಪ್ರಸ್ತಾರ ಎಂಬ ಸಂಖ್ಯೆಗಳ ತ್ರಿಕೋನವನ್ನು ವಿವರಿಸಿದ. ಯುರೋಪಿನಲ್ಲಿ ಅದಕ್ಕೆ ಪ್ಯಾಸ್ಕಲನ ತ್ರಿಕೋನ ಎಂದು ಹೆಸರು. ನಮ್ಮ ಐದು ಹೆಸರುಗಳಲ್ಲಿ ಗುರು ಇಲ್ಲದ್ದು ಒಂದು, ಒಂದು ಗುರು ಇರುವವು ಮೂರು, ಎರಡು ಗುರು ಇರುವುದು ಒಂದು. ಮೇರುವನ್ನು ಓರೆಯಾಗಿ ಕೂಡಿಸಿದರೆ ಸಿಗುವುದು ಇದೇ 1, 3, 1. ಮುಂದೆ 1356ರಲ್ಲಿ ನಾರಾಯಣ ಪಂಡಿತ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಅವನದು ಹಸುವಿನ ಲೆಕ್ಕ. ಕರು ನಾಲ್ಕನೇ ವರ್ಷದಿಂದ ಕರು ಹಾಕುತ್ತದೆ, ವರ್ಷಕ್ಕೊಂದು. ಇಪ್ಪತ್ತು ವರ್ಷಕ್ಕೆ ಒಂದು ಹಸುವಿನಿಂದ ಎಷ್ಟು? 2745. ಸರಣಿ ಬೇರೆ, ನಡೆ ಅದೇ. ಇನ್ನು ಈ ಸಂಖ್ಯೆಗಳ ಅನುಪಾತ 1.618ರ ಹತ್ತಿರ ಸರಿಯುತ್ತದೆ ಎಂದು ಖಗೋಳ ವಿಜ್ಞಾನಿ ಕೆಪ್ಲರ್ 1611ರಲ್ಲಿ ಬರೆದ. ಸೂರ್ಯಕಾಂತಿ ಬರುವುದು ಈ ದಾರಿಯಲ್ಲಿ. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ.

ಕನ್ನಡದ ಕಿವಿ ಏನು ಮಾಡಿತು

ಕನ್ನಡದವರು ಈ ಕೆಲಸದಿಂದ ದೂರ ಇದ್ದವರಲ್ಲ. ಸುಮಾರು 990ರಲ್ಲಿ ನಾಗವರ್ಮ 'ಛಂದೋಂಬುಧಿ' ಬರೆದ, ಹೆಂಡತಿಗೆ ಹೇಳಿಕೊಡುವ ಹಾಗೆ. ಅದೇ ಹೊತ್ತಿನ ಆಸುಪಾಸಿನಲ್ಲಿ ಕನ್ನಡಿಗನೇ ಆದ ಜಯಕೀರ್ತಿ ಸಂಸ್ಕೃತದಲ್ಲಿ 'ಛಂದೋನುಶಾಸನ' ಬರೆದು, ಕನ್ನಡದ ಛಂದಸ್ಸುಗಳಿಗೆ ಅಂತಲೇ ಒಂದು ಅಧ್ಯಾಯ ಇಟ್ಟ. ಹೇಮಚಂದ್ರನ ಗ್ರಂಥಕ್ಕೂ ಇದೇ ಹೆಸರು, ಅದು ಬಂದದ್ದು ಒಂದೂವರೆ ಶತಮಾನದ ನಂತರ. ಪೀಸಾದಲ್ಲಿ ಮೊಲದ ಲೆಕ್ಕ ಬರೆಯುತ್ತಿದ್ದ ಕಾಲದ ಆಚೀಚೆ ಹಂಪೆಯಲ್ಲಿ ಹರಿಹರನ ರಗಳೆ, ರಾಘವಾಂಕನ ಷಟ್ಪದಿ. ಕನ್ನಡ ಕಾವ್ಯ ವೃತ್ತಗಳನ್ನು ಬಿಟ್ಟು ಮಾತ್ರೆಯ ದಾರಿಗೆ ಹೊರಳಿದ ಕಾಲ ಅದು.

ಆದರೆ ಕನ್ನಡದ ಮಾತ್ರಾಗಣಕ್ಕೆ ಒಂದು ಕಟ್ಟುಪಾಡಿದೆ. ನಿಮ್ಮ ಶಾಲೆಯ ಮೇಷ್ಟ್ರು ಹೇಳಿದ್ದು ನೆನಪಿರಬಹುದು: ಷಟ್ಪದಿಯಲ್ಲಿ ಗಣ ಲಗದಿಂದ ಶುರುವಾಗಬಾರದು. ಒಂದು ಲಘು ಆದ ಕೂಡಲೇ ಗುರು ಬಂದರೆ ಓಟ ಮುಗ್ಗರಿಸುತ್ತದೆ. ಹಾಗಾಗಿ ನಮ್ಮ ಪಟ್ಟಿಯಿಂದ ರಮಾ ಹೊರಗೆ. ಗಣೇಶನೂ ಹೊರಗೆ. ಐದು ಮಾತ್ರೆಯಲ್ಲಿ ಗಣೇಶನ, ರಮೇಶಾ ಹೊರಗೆ. ಉಳಿದವು ಎಷ್ಟು? ಮೂರು ಮಾತ್ರೆಗೆ 2, ನಾಲ್ಕಕ್ಕೆ 4, ಐದಕ್ಕೆ 6. ಆರು ಮಾತ್ರೆಗೆ ಮಾಡಿ ನೋಡಿದೆ, 10. ಏಳಕ್ಕೆ 16. ಈ 2, 4, 6, 10, 16 ಅನ್ನು ಅರ್ಧ ಮಾಡಿ: 1, 2, 3, 5, 8. ಅದೇ ಸರಣಿ, ದುಪ್ಪಟ್ಟಾಗಿ!

ಕಾರಣ ತಿಳಿದಾಗ ನನಗೆ ರೋಮಾಂಚನವೇ ಆಯಿತು. ಲಗ ಬೇಡ ಅಂದರೆ ಗಣ ಶುರುವಾಗಲು ಎರಡೇ ದಾರಿ. ಒಂದು ಗುರು, ಇಲ್ಲವೇ ಎರಡು ಲಘು. ಎರಡಕ್ಕೂ ಎರಡು ಮಾತ್ರೆ ಖರ್ಚು. ಉಳಿದ ಹೊತ್ತನ್ನು ಹೇಗೆ ಬೇಕಾದರೂ ತುಂಬಬಹುದು. ಅದಕ್ಕೇ ಈ ದುಪ್ಪಟ್ಟು. ಈಗ ನಾಗವರ್ಮ ಹೇಳುವ ಅಚ್ಚಗನ್ನಡದ, ಮಾತ್ರೆಯ ಬದಲು ಅಂಶ ಎಣಿಸುವ ಅಂಶಗಣಗಳನ್ನು ನೆನಪಿಸಿಕೊಳ್ಳಿ. ಬ್ರಹ್ಮಗಣಕ್ಕೆ 4 ರೂಪ, ವಿಷ್ಣುಗಣಕ್ಕೆ 8, ರುದ್ರಗಣಕ್ಕೆ 16. ಅಲ್ಲೂ ಮೊದಲ ಅಂಶ ಒಂದು ಗುರು ಇಲ್ಲವೇ ಎರಡು ಲಘು. ಒಂಟಿ ಲಘುವಿಗೆ ಮೊದಲ ಜಾಗದಲ್ಲಿ ಪ್ರವೇಶವಿಲ್ಲ. ರಾಧಾ, ರಾಮ, ಕಮಲಾ, ಭರತ, ಈ ನಾಲ್ಕೇ ಬ್ರಹ್ಮಗಣ. ತ್ರಿಪದಿ, ಸಾಂಗತ್ಯ ಹಾಡುತ್ತಾ ಬಂದ ಕಿವಿ ಮಾತ್ರೆಯ ಲೆಕ್ಕ ಕಲಿತ ಮೇಲೂ ತನ್ನ ಹಳೆಯ ಅಭ್ಯಾಸ ಬಿಡಲಿಲ್ಲ.

ಭಾಮಿನಿ ಷಟ್ಪದಿಗೆ ಇದನ್ನು ಹಚ್ಚಿ ನೋಡೋಣ. ಕುಮಾರವ್ಯಾಸನ ಛಂದಸ್ಸು, ಮೂರು ನಾಲ್ಕು, ಮೂರು ನಾಲ್ಕು. ಏಳು ಮಾತ್ರೆಯನ್ನು ಬಿಡಿಯಾಗಿ ಬಿಟ್ಟರೆ 21 ರೂಪ. ಮೂರು, ನಾಲ್ಕು ಎಂದು ಒಡೆದರೆ ಮೂರು ಐದಲ 15. ಲಗ ಬೇಡ ಅಂದರೆ ಎರಡು ನಾಲ್ಕಲ ಎಂಟು. ಹದಿನಾಲ್ಕು ಮಾತ್ರೆಯ ಒಂದು ಸಾಲಿಗೆ ಪ್ರಾಕೃತದ ಲೆಕ್ಕದಲ್ಲಿ 610 ರೂಪಗಳಿವೆ. ಭಾಮಿನಿ ಅದರಲ್ಲಿ 64ನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಮೂರನೇ ಮತ್ತು ಆರನೇ ಸಾಲಿನಲ್ಲಿ ಮೂರು-ನಾಲ್ಕರ ಜೋಡಿ ಮೂರು ಸಲ ಬರುತ್ತದೆ, ಹಾಗಾಗಿ ಕೊನೆಯ ಗುರು ಬಿಟ್ಟು, 512. ಆರು ಸಾಲೂ ಗುಣಿಸಿದರೆ ಎರಡನ್ನು 42 ಸಲ ಗುಣಿಸಿದಷ್ಟು. ಹಿಂದಿನ ಎರಡನ್ನು ಕೂಡಿಸುತ್ತಾ ಬಂದ ಲೆಕ್ಕ ಇಲ್ಲಿ ಬಂದು ಪೂರ್ತಿ ದುಪ್ಪಟ್ಟಿನ ಲೆಕ್ಕವಾಗಿಬಿಟ್ಟಿತು.

ಅಷ್ಟಕ್ಕೇ ಮುಗಿಯಲಿಲ್ಲ. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದ ಪ್ರಾಸ, ಇದೆಯಲ್ಲ. ಮೊದಲ ಸಾಲಿನ ಮೊದಲ ಅಕ್ಷರ ಗುರುವಾದರೆ ಆರೂ ಸಾಲಿನಲ್ಲಿ ಗುರು, ಲಘುವಾದರೆ ಆರರಲ್ಲೂ ಲಘು. ಮೂರು ಮಾತ್ರೆಯ ಮೊದಲ ಗಣಕ್ಕೆ ಇರುವುದೇ ಎರಡು ರೂಪ. ಹಾಗಾಗಿ ಮೊದಲ ಸಾಲಿನಲ್ಲಿ ಆರಿಸಿದ್ದೇ ಉಳಿದ ಐದಕ್ಕೂ ಖಾಯಂ. ಐದು ಸಲ ಎರಡು ಬಿಟ್ಟುಹೋಗಿ 42 ಇದ್ದದ್ದು 37 ಆಗುತ್ತದೆ. ಎರಡನ್ನು 37 ಸಲ ಗುಣಿಸಿದರೆ 13,743 ಕೋಟಿಗೂ ಸ್ವಲ್ಪ ಹೆಚ್ಚು. ನಿಯಮವನ್ನು ಕಟ್ಟುನಿಟ್ಟಾಗಿ ಹಿಡಿದರೆ ಒಂದು ಭಾಮಿನಿ ಪದ್ಯ ತಾಳಬಹುದಾದ ಲಘು ಗುರು ರೂಪಗಳು ಇಷ್ಟು.

ಇದನ್ನು ಬರೆದು ತೋರಿಸಿದಾಗ ಅಕ್ಕನ ಮಗಳು ಪೆನ್ನು ಕಿತ್ತುಕೊಂಡು ವಾರ್ಧಕಕ್ಕೆ ಹೊರಟಳು. ವಾರ್ಧಕದ್ದು ಐದೈದು ಮಾತ್ರೆಯ ಗಣ, ಒಂದೊಂದಕ್ಕೆ ಆರು ರೂಪ. ಆರು ಅಂದರೆ ಎರಡು ಮೂರಲ. ಅಲ್ಲಿ ಲೆಕ್ಕದೊಳಗೆ ಮೂರು ಬಂದು ಸೇರಿಕೊಳ್ಳುತ್ತದೆ, ಬರೀ ದುಪ್ಪಟ್ಟಿನಲ್ಲಿ ಮುಗಿಯುವುದಿಲ್ಲ. ಪ್ರಾಸ ಹಾಕಿದ ಮೇಲೆ ಮೊದಲ ಗಣದ ಲೆಕ್ಕವೂ ಭಾಮಿನಿಯಷ್ಟು ಸುಲಭವಲ್ಲ. ಯಾಕೆಂದರೆ ಗುರುವಿನಿಂದ ಶುರುವಾಗುವವೇ ಮೂರು, ಎರಡು ಲಘುವಿನಿಂದ ಶುರುವಾಗುವವೂ ಮೂರು. ಪೆನ್ನು ಪೇಪರ್ ಹತ್ತಿರ ಇದ್ದರೆ ನೀವೂ ಒಮ್ಮೆ ಕೂತು ಎಣಿಸಿ ನೋಡಿ.